ಹದಿನೆಂಟರ ಹೊಸ್ತಿಲಲ್ಲಿ ಹಿರಿಯರ ಹೊಣೆ

‘ಈಗಿನ ಹುಡುಗರಿಗೆ ಹಕ್ಕು ಬೇಕು, ಹೊಣೆ ಬೇಡ’ ಎಂಬ ದೂರು ಜಾತ್ರೆಯ ಮಂಟಪದಿಂದ ಹಿಡಿದು ಮದುವೆಯ ಚಪ್ಪರದವರೆಗೆ ಎಲ್ಲೆಡೆಯೂ ಕೇಳಿಬರುತ್ತದೆ. ಈ ದೂರನ್ನು ಹೇಳುವವರ ನಡೆಯನ್ನೊಮ್ಮೆ ಪರಾಂಬರಿಸಬೇಕು. ಹದಿನೈದು ವರ್ಷದ ಮಗನ ಕೈಗೆ ಮೋಟಾರು ಸೈಕಲ್ಲಿನ ಕೀಲಿಕೈಯನ್ನು ಇತ್ತವರು ಇವರೇ. ಹದಿನಾರರ ಮಗಳ ಮದುವೆಗೆ ಮುಹೂರ್ತ ನೋಡಿಸಿದವರು ಇವರೇ. ಅದೇ ಮಗನು ಇಪ್ಪತ್ತರ ಪ್ರಾಯದಲ್ಲಿ ತನಗೊಪ್ಪುವ ವಿದ್ಯೆಯನ್ನು ಕಲಿಯುವೆನೆಂದರೆ ‘ನಿನಗೇನು ತಿಳಿಯುತ್ತದೆ, ಸುಮ್ಮನಿರು’ ಎಂದು ಬಾಯಿ ಮುಚ್ಚಿಸುವವರೂ ಇವರೇ. ಕಾಯಿದೆಯು ಕೊಡಬಾರದೆಂದುದನ್ನು ಮುಂಚಿತವಾಗಿ ಕೊಡುವುದು, ಕೊಡಲೇಬೇಕೆಂದುದನ್ನು ಕಡೆಯವರೆಗೂ ಕಟ್ಟಿಡುವುದು ನಮ್ಮ ಸಮಾಜದ ರೂಢಿಯಾಗಿದೆ. ಈ ರೂಢಿಯನ್ನು ನಿಷ್ಠುರವಾಗಿ ಖಂಡಿಸದೆ ಗತ್ಯಂತರವಿಲ್ಲ.

ಪ್ರಾಪ್ತವಯಸ್ಸು ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ನಮ್ಮ ದೇಶದಲ್ಲಿ 1875ರ ಪ್ರಾಪ್ತವಯಸ್ಕತ್ವದ ಕಾಯಿದೆಯು 18 ವರ್ಷವನ್ನು ಗೊತ್ತುಮಾಡಿತು. ನ್ಯಾಯಾಲಯವು ಪೋಷಕರನ್ನು ನೇಮಿಸಿದ್ದ ಮಕ್ಕಳಿಗೆ ಮಾತ್ರ ಅದು 21 ಆಗಿತ್ತು. 1999ರ ತಿದ್ದುಪಡಿಯಿಂದ ಆ ಭೇದವೂ ಅಳಿದು ಎಲ್ಲರಿಗೂ 18 ಎಂದಾಯಿತು. ಹುಟ್ಟಿದ ದಿನವನ್ನು ಪೂರ್ಣ ದಿನವೆಂದು ಲೆಕ್ಕಕ್ಕೆ ಹಿಡಿದು, ಹದಿನೆಂಟನೆಯ ವರ್ಷಾಂತಿಕದ ದಿನ ಆರಂಭವಾಗುತ್ತಲೇ ವ್ಯಕ್ತಿಯು ಪ್ರಾಪ್ತವಯಸ್ಕನಾಗುತ್ತಾನೆ. ಮತದಾನದ ವಯಸ್ಸು ಬಹುಕಾಲ 21 ಆಗಿದ್ದು, ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಇದರರ್ಥ ಹಿಂದಿನ ರಾತ್ರಿ ಅಜ್ಞಾನಿಯಾಗಿದ್ದವನು ಬೆಳಗಾಗುತ್ತಲೇ ಜ್ಞಾನಿಯಾದನೆಂದಲ್ಲ. ಒಂದು ಗೆರೆಯನ್ನು ಎಳೆಯದಿದ್ದರೆ ಪ್ರತಿಯೊಬ್ಬ ಹಿರಿಯನೂ ತನಗೆ ಅನುಕೂಲವಾದಲ್ಲಿ ತನ್ನದೇ ಗೆರೆಯನ್ನು ಎಳೆಯುತ್ತಾನೆ. ದುಡಿಸಲು ಹನ್ನೆರಡು ಸಾಕು, ಮದುವೆಗೆ ಹದಿನಾರು ಸಾಕು, ಆಸ್ತಿಯ ಮಾತು ಬಂದಾಗ ಮಾತ್ರ ಮೂವತ್ತಾದರೂ ಸಾಲದು! ಇಂಥ ಅನುಕೂಲಶಾಸ್ತ್ರಕ್ಕೆ ಕಡಿವಾಣ ಹಾಕುವುದೇ ಕಾಯಿದೆಯ ಗೆರೆಯ ಪ್ರಯೋಜನ.

ಮೊದಲು ಕೀಲಿಕೈಯ ಮಾತು. 1988ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ 18 ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ವಾಹನವನ್ನು ನಡೆಸತಕ್ಕದ್ದಲ್ಲ. 16 ತುಂಬಿದವರಿಗೆ 50 ಸಿ.ಸಿ. ಮೀರದ ಸಣ್ಣ ಎಂಜಿನ್ನಿನ ದ್ವಿಚಕ್ರ ವಾಹನದ ಮಟ್ಟಿಗೆ ಮಾತ್ರ ರಿಯಾಯಿತಿ ಇದೆ, ಅದೂ ಲೈಸೆನ್ಸ್ ಪಡೆದ ಮೇಲೆ. 2019ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕನನ್ನು ಅಥವಾ ವಾಹನದ ಒಡೆಯನನ್ನೇ ತಪ್ಪಿತಸ್ಥನೆಂದು ಗಣಿಸುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತೆಂದು, ಇಲ್ಲವೆ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ಸಾಬೀತುಪಡಿಸುವ ಭಾರವೂ ತಂದೆಯ ಮೇಲೆಯೇ. ಇಷ್ಟಿದ್ದರೂ ‘ನಮ್ಮ ಹುಡುಗ ಕಾರನ್ನೂ ನಡೆಸುತ್ತಾನೆ’ ಎಂದು ನೆಂಟರ ಮುಂದೆ ಮೀಸೆ ತಿರುವುವ ತಂದೆಯರಿದ್ದಾರೆ. ರಸ್ತೆಯಲ್ಲಿ ಹೋಗುವ ಅನ್ಯರ ಮಕ್ಕಳ ಪ್ರಾಣವನ್ನು ಪಣಕ್ಕಿಟ್ಟು ಮೆರೆಯುವ ಈ ಹೆಮ್ಮೆಯನ್ನು ವಾತ್ಸಲ್ಯವೆಂದು ಕರೆಯಬಹುದೆ?

ಎರಡನೆಯದು ಮದುವೆ. 1929ರ ಬಾಲ್ಯವಿವಾಹ ನಿಯಂತ್ರಣ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ಎಂದು ವಿಧಿಸಿತ್ತು. 1978ರ ತಿದ್ದುಪಡಿಯು ಅದನ್ನು 18 ಮತ್ತು 21ಕ್ಕೆ ಏರಿಸಿತು. ಇಂದು ಜಾರಿಯಲ್ಲಿರುವ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯೂ ಅದೇ ಮಿತಿಯನ್ನು ಉಳಿಸಿಕೊಂಡಿದೆ. ಹೆಣ್ಣಿಗೂ 21 ಮಾಡಬೇಕೆಂದು 2021ರಲ್ಲಿ ಮಂಡಿತವಾದ ಮಸೂದೆಯು 2024ರಲ್ಲಿ ಹದಿನೇಳನೆಯ ಲೋಕಸಭೆಯೊಡನೆ ಬಿದ್ದುಹೋಯಿತು. ದೇಶದ ಕಾಯಿದೆಯಲ್ಲಿ ಇಂಥ ವಿವಾಹವು ಸಾಮಾನ್ಯವಾಗಿ ರದ್ದುಪಡಿಸಬಹುದಾದುದು ಮಾತ್ರ. ಕರ್ನಾಟಕವಾದರೋ 2017ರಲ್ಲಿ ಪ್ರಕಟವಾದ ತನ್ನ ತಿದ್ದುಪಡಿಯಿಂದ ಅದನ್ನು ಮೊದಲಿಗೇ ಅಸಿಂಧುವೆಂದು ಸಾರಿದೆ. ಅಂದಮೇಲೆ ಹದಿನಾರರ ಹುಡುಗಿಗೆ ಐನೂರು ಜನರ ಮುಂದೆ ಅಕ್ಷತೆ ಹಾಕಿದರೂ ನಮ್ಮ ರಾಜ್ಯದ ಕಾಯಿದೆಯ ಕಣ್ಣಿಗೆ ಅಲ್ಲಿ ಮದುವೆಯೇ ಆಗಿಲ್ಲ. ಅಪರಾಧವೊಂದು ಮಾತ್ರ ಆಗಿದೆ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅದಕ್ಕೆ ವಿಧಿತವಾಗಿದೆ. ಮದುವೆ ಮಾಡಿಸಿದವರು, ಏರ್ಪಡಿಸಿದ ಸಂಘಸಂಸ್ಥೆಯವರು, ಅಜಾಗರೂಕತೆಯಿಂದ ತಡೆಯದೆ ಬಿಟ್ಟವರು, ಕಡೆಗೆ ಹೋಗಿ ಪಾಲ್ಗೊಂಡವರು ಕೂಡ ಕಾಯಿದೆಯ ಕೈಗೆ ಸಿಲುಕಬಹುದು.

ಇಲ್ಲಿ ಮಠಮಾನ್ಯಗಳ ಭಕ್ತರಿಗೆ ನೇರವಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಸಾಮೂಹಿಕ ವಿವಾಹಗಳು ಬಡವರ ಪಾಲಿಗೆ ಸಾಲದ ಶೂಲದಿಂದ ಪಾರಾಗುವ ದಾರಿಯಾಗಿವೆ. ಅವು ನಡೆಯಲಿ, ಹೆಚ್ಚಲಿ. ಆದರೆ ಹೆಸರು ನೋಂದಾಯಿಸುವ ಮೇಜಿನ ಬಳಿ ಕುಳಿತ ಕಾರ್ಯಕರ್ತನು ಜನನ ಪ್ರಮಾಣಪತ್ರವನ್ನು ಕಣ್ಣಾರೆ ನೋಡದೆ, ‘ಹುಡುಗಿ ದೊಡ್ಡವಳಾಗಿ ಕಾಣುತ್ತಾಳೆ’ ಎಂಬ ತಾಯಿತಂದೆಯರ ಮಾತಿಗೆ ಹೆಸರು ಬರೆದುಕೊಂಡರೆ ಪುಣ್ಯದ ಮಂಟಪದಲ್ಲಿ ಪಾಪ ನಡೆಯುತ್ತದೆ. ದಾಸೋಹದ ಹೆಸರಿನಲ್ಲಿ ಒಂದು ಮಗುವಿನ ಓದನ್ನೂ ದೇಹವನ್ನೂ ಬಲಿಗೊಡುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಮೂರನೆಯದು ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಎರಡನೆಯ ಪ್ರಕರಣವು ತಾನು ಅನ್ವಯಿಸುವವರನ್ನು ಹೇಳುವಾಗ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟೇ ಹೇಳಿದೆ. ಆದುದರಿಂದ ಇದು ಯಾರದೋ ಕಾಯಿದೆಯೆಂದು ನಾವು ನುಣುಚಿಕೊಳ್ಳುವಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಿಗೆ ಸಮನಾದ ಹಕ್ಕನ್ನು, ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು, ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತು. 2005ರ ಕೇಂದ್ರ ತಿದ್ದುಪಡಿಯು ಅದನ್ನು ದೇಶಕ್ಕೆಲ್ಲ ವ್ಯಾಪಿಸಿತು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದ ಮೇಲೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಮಗಳಿಗೆ ಹದಿನೆಂಟು ತುಂಬುವುದನ್ನೇ ಕಾದಿದ್ದು, ಅವಳು ಪ್ರಾಪ್ತವಯಸ್ಕಳಾದಳೆಂಬ ಒಂದೇ ಕಾರಣದಿಂದ ಸಬ್‌ರಿಜಿಸ್ಟ್ರಾರರ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರಿದ್ದಾರೆ. ಅವಳ ಪಾಲಿಗೆ ಪ್ರಾಪ್ತವಯಸ್ಸು ಉದಯಿಸಿದ್ದು ಹಕ್ಕನ್ನು ಪಡೆಯುವುದಕ್ಕಲ್ಲ, ಕಳೆದುಕೊಳ್ಳುವುದಕ್ಕೆ. ಇದೆಂಥ ವಿಪರ್ಯಾಸ! ಅಪ್ರಾಪ್ತವಯಸ್ಕರ ಪ್ರತ್ಯೇಕ ಸ್ಥಿರಾಸ್ತಿಯನ್ನು ತಂದೆಯಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲವೆಂದೂ, ಮಾರಿದರೆ ಮಕ್ಕಳು ಪ್ರಾಪ್ತವಯಸ್ಸಿಗೆ ಬಂದು ಮೂರು ವರ್ಷದೊಳಗೆ ದಾವೆ ಹೂಡಿ ಅದನ್ನು ರದ್ದುಗೊಳಿಸಬಹುದೆಂದೂ ಎಷ್ಟು ಮಕ್ಕಳಿಗೆ ಗೊತ್ತು? ಗೊತ್ತಾಗದಿರಲೆಂದೇ ಅಲ್ಲವೆ ನಾವು ಮೌನವಾಗಿರುವುದು?

ಹಿರಿಯರ ಈ ಮೌನವು ಅತ್ಯಂತ ಘಾತುಕವಾಗುವ ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಲೇಬೇಕು. 2012ರ ಪೋಕ್ಸೋ ಕಾಯಿದೆಯ ಮೇರೆಗೆ 18 ತುಂಬದವರೆಲ್ಲರೂ ಮಕ್ಕಳು. ಲೈಂಗಿಕ ವಿಷಯದಲ್ಲಿ ಅವರ ಒಪ್ಪಿಗೆಗೆ ಕಾಯಿದೆಯಲ್ಲಿ ಬೆಲೆಯಿಲ್ಲ. ಹತ್ತೊಂಬತ್ತರ ಹುಡುಗನು ಹದಿನೇಳರ ಹುಡುಗಿಯನ್ನು ಪ್ರೀತಿಸಿ, ಅವಳ ಇಚ್ಛೆಯಿಂದಲೇ ಕರೆದುಕೊಂಡು ಹೋಗಿ ಸಂಸಾರ ಹೂಡಿದರೂ ಅವನು ಕಠಿಣ ಶಿಕ್ಷೆಗೆ ಗುರಿಯಾಗುವ ಆರೋಪಿ. ಈ ವಯಸ್ಸನ್ನು ಇಳಿಸಬೇಕೆ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿಯೂ ಎದ್ದಿತ್ತು. ಇಳಿಸಬಾರದೆಂದು ಕಾನೂನು ಆಯೋಗವು 2023ರ ವರದಿಯಲ್ಲಿ ಸಲಹೆಯಿತ್ತಿತು. ಕಾಯಿದೆ ಹೀಗಿದೆಯೆಂದು ಮನೆಯಲ್ಲಿ ತಂದೆ ಹೇಳಲಿಲ್ಲ, ನಾಚಿಕೆ. ಶಾಲೆಯಲ್ಲಿ ಮೇಷ್ಟರು ಹೇಳಲಿಲ್ಲ, ಪಠ್ಯದಲ್ಲಿಲ್ಲ. ಕಡೆಗೆ ಅದನ್ನು ಹುಡುಗನಿಗೆ ಮೊದಲ ಬಾರಿ ತಿಳಿಸಿದವರು ಪೊಲೀಸರು. ಒಂದು ಘಳಿಗೆಯ ಸಂಕೋಚವನ್ನು ಗೆಲ್ಲಲಾರದ ನಾವು ಒಬ್ಬ ಹುಡುಗನ ಹತ್ತಾರು ವರ್ಷಗಳನ್ನು ಕಳೆದೆವು. ಆ ಹುಡುಗಿಯ ಹೆಸರನ್ನು ಊರ ಬಾಯಿಗೆ ಹಾಕಿದೆವು.

ತರುಣರಿಗೆ ಹೊಣೆಯಿಲ್ಲವೆ? ಇದೆ. ಅದನ್ನು ಮುಚ್ಚಿಡುವುದು ಅವರಿಗೆ ಮಾಡುವ ದ್ರೋಹ. ಏಳು ವರ್ಷದೊಳಗಿನ ಮಗುವಿನ ಕೃತ್ಯವನ್ನು ದಂಡಶಾಸನವು ಅಪರಾಧವೆಂದು ಎಣಿಸುವುದಿಲ್ಲ. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆಯನ್ನು ಅಳೆಯುತ್ತದೆ. 2015ರ ಬಾಲನ್ಯಾಯ ಕಾಯಿದೆಯಂತೆ 16ರಿಂದ 18ರೊಳಗಿನವನು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಕನಿಷ್ಠ ಶಿಕ್ಷೆಯುಳ್ಳ ಘೋರ ಅಪರಾಧವೆಸಗಿದರೆ, ಬಾಲನ್ಯಾಯ ಮಂಡಳಿಯ ಪರಿಶೀಲನೆಯ ತರುವಾಯ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದು. 18 ತುಂಬಿದವನಿಗಂತೂ ‘ಹುಡುಗಾಟಿಕೆ’ ಎಂಬ ಆಸರೆಯೇ ಇಲ್ಲ. ಅಪ್ರಾಪ್ತವಯಸ್ಕನು ಮಾಡಿಕೊಂಡ ಕರಾರು ಶೂನ್ಯವೆಂದು ಪ್ರಿವಿ ಕೌನ್ಸಿಲು 1903ರಲ್ಲಿ ಮೋಹರಿ ಬೀಬಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೆ ಹದಿನೆಂಟು ತುಂಬಿದ ಮರುದಿನ ಗೆಳೆಯನ ಸಾಲಕ್ಕೆ ಹಾಕಿದ ಜಾಮೀನು ಸಹಿಯು ಸಾಲಗಾರನಷ್ಟೇ ಜಾಮೀನುದಾರನನ್ನೂ ಬಿಗಿಯುತ್ತದೆ. ಎರಡು ಸಾವಿರ ರೂಪಾಯಿಯ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನೋ ಸಿಮ್ ಕಾರ್ಡನ್ನೋ ಪರರಿಗೆ ಬಿಟ್ಟುಕೊಟ್ಟ ಕಾಲೇಜು ಹುಡುಗನು, ಸೈಬರ್ ವಂಚಕರ ಹಣವು ಅದರ ಮೂಲಕ ಹರಿದಾಗ, ತಾನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ತಮ್ಮನ್ನು ತಾವು ಸಲಹಿಕೊಳ್ಳಲಾರದ ತಾಯಿತಂದೆಯರನ್ನು ಪೋಷಿಸುವ ಹೊಣೆಯನ್ನೂ 2007ರ ಕಾಯಿದೆಯು ಪ್ರಾಪ್ತವಯಸ್ಕರಾದ ಗಂಡು ಹೆಣ್ಣು ಮಕ್ಕಳಿಬ್ಬರ ಮೇಲೂ ಹೊರಿಸಿದೆ. ಹಕ್ಕು ಹೊಣೆಗಳೆರಡನ್ನೂ ಕಾಯಿದೆಯು ಹೀಗೆ ಒಂದೇ ದಿನ ಕೈಗಿಡುತ್ತಿರುವಾಗ, ಅದಕ್ಕೆ ಅವರನ್ನು ಸಿದ್ಧಗೊಳಿಸುವ ಕೆಲಸ ಯಾರದು?

‘ಹಕ್ಕನ್ನು ತಿಳಿಸಿದರೆ ಮಕ್ಕಳು ನಮ್ಮ ಮೇಲೆಯೇ ತಿರುಗಿಬೀಳುತ್ತಾರೆ’ ಎಂಬುದು ಕೆಲವರ ಭಯ. ಈ ಭಯವೇ ಅವರ ತಪ್ಪೊಪ್ಪಿಗೆ. ನ್ಯಾಯವಾಗಿ ನಡೆದುಕೊಂಡ ತಂದೆಯು ಮಗನ ಕೈಯಲ್ಲಿ ಕಾಯಿದೆಯ ಪುಸ್ತಕವನ್ನು ಕಂಡು ಅಂಜಬೇಕಾದ ಕಾರಣವೇನು? ‘ನಮ್ಮ ಕಾಲದಲ್ಲಿ ಇದಾವುದೂ ಇರಲಿಲ್ಲ’ ಎನ್ನುವವರು ಇನ್ನು ಕೆಲವರು. ಅವರ ಕಾಲದಲ್ಲಿ ಎಳೆಯ ಪ್ರಾಯದಲ್ಲಿ ಹೆತ್ತು ಬಸವಳಿದ ತಾಯಂದಿರಿದ್ದರು, ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡ ಅನಾಥರಿದ್ದರು. ಅವರ ದೂರನ್ನು ಕೇಳುವ ಕಿವಿಯೇ ಇರಲಿಲ್ಲವೆಂಬುದಷ್ಟೇ ವ್ಯತ್ಯಾಸ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಮಕ್ಕಳಿಗೆ ಹೇಳುತ್ತೇವೆ. ಮರವಾದ ನಾವೂ ಕೊಂಚ ಬಗ್ಗಬೇಕಾದ ಕಾಲವಿದು.

ಇನ್ನು ಮಾಡತಕ್ಕದ್ದೇನು? ಸಂವಿಧಾನದ 21-ಎ ವಿಧಿ ಮತ್ತು 2009ರ ಶಿಕ್ಷಣ ಹಕ್ಕಿನ ಕಾಯಿದೆಗಳು 6ರಿಂದ 14ರವರೆಗಿನ ಮಕ್ಕಳಿಗೆ ಮಾತ್ರ ಉಚಿತ ಶಿಕ್ಷಣದ ಭರವಸೆ ಕೊಟ್ಟಿವೆ. 14 ದಾಟಿದವರನ್ನು ಗಣಿ, ಸ್ಫೋಟಕಗಳಂಥ ಅಪಾಯಕಾರಿ ಕೆಲಸಗಳಿಗೆ ಹಚ್ಚಬಾರದೆಂದು 2016ರ ತಿದ್ದುಪಡಿಯು ಹೇಳುತ್ತದೆ. ಉಳಿದ ದುಡಿಮೆಗೆ ಬಾಗಿಲು ತೆರೆದೇ ಇದೆ. ಹದಿನಾಲ್ಕರಿಂದ ಹದಿನೆಂಟರವರೆಗಿನ ಆ ನಾಲ್ಕು ವರ್ಷಗಳಲ್ಲಿ ಬಡವರ ಮಗುವಿಗೆ ಶಿಕ್ಷಣದ ಹಕ್ಕೂ ಇಲ್ಲ, ವಯಸ್ಕನ ಸ್ವಾತಂತ್ರ್ಯವೂ ಇಲ್ಲ. ಸರ್ಕಾರವು ಈ ಭರವಸೆಯನ್ನು ಹದಿನೆಂಟಕ್ಕೆ ಏರಿಸಬೇಕೆಂದು ನಾವು ಒಕ್ಕೊರಲಿನಿಂದ ಒತ್ತಾಯಿಸಬೇಕು. ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಅದೇ ವಯಸ್ಸಿನಲ್ಲಿ ಉಚಿತ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿ ಮನುಷ್ಯರಾದವರು. ಆ ನಾಲ್ಕು ವರ್ಷಗಳ ಬೆಲೆಯನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವರಲ್ಲಿ ವಕೀಲರಾದವರು, ಅಧ್ಯಾಪಕರಾದವರು, ನಿವೃತ್ತ ನ್ಯಾಯಾಧೀಶರಾದವರು ತಿಂಗಳಿಗೊಂದು ಸಂಜೆ ನಿಲಯದ ಮಕ್ಕಳೊಡನೆ ಕುಳಿತು ಈ ಕಾಯಿದೆಗಳನ್ನು ಸರಳವಾಗಿ ತಿಳಿಹೇಳಲಿ. ಉಂಡ ಅನ್ನದ ಋಣ ತೀರುವುದು ಹಾಗೆ.

ಮನೆಯಲ್ಲಿಯೂ ಇದು ನಡೆಯಲಿ. ಹತ್ತು ವರ್ಷ ದಾಟಿದ ಮಗುವು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾನೇ ನಡೆಸಲು ರಿಸರ್ವ್ ಬ್ಯಾಂಕಿನ ಸಮ್ಮತಿಯಿದೆ; ಸಣ್ಣ ಲೆಕ್ಕದಿಂದ ಹೊಣೆಯ ಪಾಠ ಆರಂಭವಾಗಲಿ. ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು. ತಂದೆಯೇ ಜೊತೆಗೆ ಹೋಗಿ ಹಾಕಿಸಲಿ, ಆದರೆ ಯಾರಿಗೆ ಮತವೆಂದು ಹೇಳದಿರಲಿ. ಹದಿನೆಂಟು ತುಂಬಿದ ದಿನ ಸಿಹಿ ಹಂಚುವುದರ ಜೊತೆಗೆ ಜಮೀನಿನ ಪಹಣಿಯನ್ನೂ ಮನೆಯ ಸಾಲದ ಲೆಕ್ಕವನ್ನೂ ಮಗನ ಮುಂದೆಯೂ ಮಗಳ ಮುಂದೆಯೂ ಸಮನಾಗಿ ಬಿಚ್ಚಿಡಲಿ. ಅಂದು ಯಾವ ಬಿಳಿಯ ಕಾಗದಕ್ಕೂ ಅವರಿಂದ ಸಹಿ ಕೇಳದಿರಲಿ.

ಎದೆಯೆತ್ತರ ಬೆಳೆದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಗಳಿಗೂ ಆ ಮಾತು ಸಲ್ಲುತ್ತದೆ. ಗೆಳೆಯನ ಪಾಲನ್ನು ಕಸಿಯುವುದು, ಗೆಳತಿಯ ವಯಸ್ಸನ್ನು ತಿದ್ದಿ ಬರೆಸುವುದು ಸಜ್ಜನರ ಲಕ್ಷಣವಲ್ಲ. ಮಕ್ಕಳಿಗೆ ಹೊಣೆಯಿಲ್ಲವೆಂದು ದೂರುವ ಮೊದಲು ಪ್ರತಿಯೊಬ್ಬ ಭಕ್ತನೂ ಈ ತಿಂಗಳು ತನ್ನ ಮನೆಯಲ್ಲಿ ಕೀಲಿಕೈ ಯಾರ ಕೈಯಲ್ಲಿದೆ, ಪಹಣಿ ಯಾರ ಪೆಟ್ಟಿಗೆಯಲ್ಲಿದೆ ಎಂದು ನೋಡಿಕೊಳ್ಳಲಿ. ಅವೆರಡೂ ಇರಬೇಕಾದಲ್ಲಿ ಇದ್ದರೆ, ಅವನು ದೂರಬಹುದು. ಕೇಳಲು ನಾವು ಸಿದ್ಧರಿದ್ದೇವೆ.