ಪಾಸ್‌ವರ್ಡ್ ಯಾರ ಕೈಲಿದೆ?

ಸ್ವಲ್ಪ ಉದ್ದದ ಪೋಸ್ಟ್, ಸಂಘಟನೆ ನಡೆಸೋರು ದಯವಿಟ್ಟು ಪೂರ್ತಿ ಓದಿ.

ನಾನು ಹೊಟ್ಟೆಪಾಡಿಗೆ ವೆಬ್‌ಸೈಟ್ ಮಾಡಿಕೊಡೋನು ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಆರ್.ಟಿ. ನಗರದಲ್ಲಿ ಒಂದು ರೂಮು, ಒಂದು ಹಳೇ ಲ್ಯಾಪ್‌ಟಾಪ್, ಅದೇ ಆಫೀಸು. ಈಚೆಗೆ ಯಲಹಂಕ ಕಡೆಯ ನಮ್ಮ ಹೆಣ್ಣುಮಕ್ಕಳ ಹೊಲಿಗೆ ಸಂಘವೊಂದು ಬಂತು. ಅವರಿಗೆ ಮೊದಲೇ ಒಂದು ವೆಬ್‌ಸೈಟ್ ಇತ್ತು. ಆದರೆ ಒಂದು ಫೋಟೋ ಬದಲಿಸೋಕೂ ಮಾಡಿಕೊಟ್ಟವನಿಗೆ ಫೋನ್ ಮಾಡಬೇಕು, ಐನೂರು ರೂಪಾಯಿ ಕೊಡಬೇಕು, ಅವನಿಗೆ ಪುರುಸೊತ್ತಾಗೋವರೆಗೂ ಕಾಯಬೇಕು. ಪಾಸ್‌ವರ್ಡ್ ಅವನ ಹತ್ರ. ಡೊಮೈನ್ ಕೂಡ ಅವನ ಇಮೇಲ್‌ನಲ್ಲೇ ನೋಂದಣಿ. ಒಂದು ವರ್ಷ ಅವನು ರಿನ್ಯೂ ಮಾಡಲಿಲ್ಲ, ಸಂಘದ ವಿಳಾಸವೇ ಕೈಬಿಟ್ಟು ಹೋಯಿತು.

ಬಾಬಾಸಾಹೇಬರು ತಮ್ಮ ಶಾಲೆಯ ದಿನಗಳ ಬಗ್ಗೆ ಬರೆದಿದ್ದಾರೆ. ಬಾಯಾರಿದರೆ ಅವರು ನಲ್ಲಿ ಮುಟ್ಟುವ ಹಾಗಿರಲಿಲ್ಲ, ಜವಾನ ಬಂದು ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರಿಲ್ಲ. ಅದೂ ಇದೂ ಒಂದೇ ಅಂತ ನಾನು ಹೇಳಲ್ಲ, ಆ ಅವಮಾನವೇ ಬೇರೆ. ಆದರೆ ನಮ್ಮ ದುಡ್ಡಲ್ಲೇ ಹಾಕಿಸಿದ ನಲ್ಲಿಯನ್ನೂ ಇನ್ನೊಬ್ಬ ಬಂದು ತಿರುಗಿಸಬೇಕು ಅಂದ್ರೆ ಹೇಗೆ? 1920ರಲ್ಲಿ 'ಮೂಕನಾಯಕ', 1927ರಲ್ಲಿ 'ಬಹಿಷ್ಕೃತ ಭಾರತ' ಶುರು ಮಾಡಿದವರ ಮಕ್ಕಳು ನಾವು.

ಅದಕ್ಕೇ ಈ ಸಲ ಸೈಟ್ ಜೊತೆಗೆ ವಿಡಿಯೋಗಳನ್ನೂ ಮಾಡಿದೆ. ಒಬಿಎಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇದೆ, ಪರದೆಯನ್ನೂ ನಮ್ಮ ಮಾತನ್ನೂ ಒಟ್ಟಿಗೆ ರೆಕಾರ್ಡ್ ಮಾಡುತ್ತೆ. ಮೊದಲು ನಲವತ್ತು ನಿಮಿಷದ್ದು ಒಂದೇ ಮಾಡಿ ಕಳಿಸಿದ್ದೆ. ಯಾರೂ ನೋಡಲಿಲ್ಲ, ತಪ್ಪು ನಂದೇ. ಆಮೇಲೆ ಒಂದು ವಿಡಿಯೋಗೆ ಒಂದೇ ಕೆಲಸ, ಮೂರೇ ನಿಮಿಷ. ಲಾಗಿನ್ ಆಗೋದು. ಫೋಟೋ ಹಾಕೋದು. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಹಾಗೇ ಪೇಸ್ಟ್ ಮಾಡಿದರೆ ಕನ್ನಡದ ಬದಲು ಗಜಿಬಿಜಿ ಯಾಕೆ ಬರುತ್ತೆ, ಯೂನಿಕೋಡ್‌ಗೆ ಹೇಗೆ ಬದಲಿಸಬೇಕು ಅನ್ನೋದು. ಇದನ್ನ ನಮ್ಮ ಸಂಘದವರಿಗೆ ಕನ್ನಡದಲ್ಲಿ ಕೂತು ಹೇಳೋರೇ ಇರಲಿಲ್ಲ. ನಾನೇನು ಟೀವಿಯವನಲ್ಲ, ಹಿಂದೆ ಕುಕ್ಕರ್ ವಿಸಿಲ್ ಕೇಳಿಸುತ್ತೆ. ಸಂಘದ ಮನೆಯಲ್ಲಿ ಮಾಡಿದ ಒಂದರಲ್ಲಿ ವಾಯುನೆಲೆಯ ವಿಮಾನದ ಸದ್ದೂ ಇದೆ.

ಇನ್ನೊಂದು ಮಾತು. ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಿದರೆ ಅಕ್ಷರ ಮಸುಕಾಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ರೆಕಾರ್ಡ್ ಮಾಡುವಾಗ ನಿಜವಾದ ಪಾಸ್‌ವರ್ಡ್ ಪರದೆ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಇದೇ ಕಸುಬಿನ ಗೆಳೆಯನೊಬ್ಬ ನಕ್ಕ. 'ಎಲ್ಲಾ ಹೇಳಿಕೊಟ್ರೆ ನಾಳೆ ನಿನ್ನ ಯಾರು ಕರೀತಾರೆ? ಅಷ್ಟಕ್ಕೂ ನಿಮ್ಮೋರಿಗೆ ಇದೆಲ್ಲ ತಲೆಗೆ ಹೋಗುತ್ತಾ?' ಅಂದ. ಮೊದಲನೇ ಮಾತಲ್ಲಿ ನಿಜ ಇದೆ. ವರ್ಷವರ್ಷ ಬರೋ ಮೇಂಟೆನೆನ್ಸ್ ದುಡ್ಡು ನನಗೆ ತಪ್ಪಿತು, ರೂಮಿನ ಬಾಡಿಗೆ ಕಟ್ಟೋನಿಗೆ ಅದು ಸಣ್ಣ ಮೊತ್ತ ಅಲ್ಲ. ಎರಡನೇ ಮಾತನ್ನ ನಮ್ಮಪ್ಪನೂ ಕೇಳಿದ್ದ, ಸ್ಲೇಟು ಹಿಡಿದಾಗ. ಆ ಗೆಳೆಯನ ಜೊತೆ ಈಗ ಟೀ ಕುಡಿಯೋದು ಬಿಟ್ಟಿದ್ದೀನಿ.

ಡೊಮೈನು, ಹೋಸ್ಟಿಂಗು ಎಲ್ಲಾ ಸಂಘದ ಇಮೇಲ್‌ಗೆ ಮಾಡಿಸಿ, ಅಡ್ಮಿನ್ ಪಾಸ್‌ವರ್ಡನ್ನು ಅವರ ಕೈಲೇ ಹೊಸದಾಗಿ ಹಾಕಿಸಿದೆ. ನನಗೆ ಅದು ಗೊತ್ತಿಲ್ಲ. ನಿಮ್ಮ ಸಂಘದ ವೆಬ್‌ಸೈಟ್ ಯಾರ ಹೆಸರಲ್ಲಿದೆ ಅಂತ ನೀವೂ ಇವತ್ತೇ ವಿಚಾರಿಸಿ.

ಏಪ್ರಿಲ್ 14ರ ರಾತ್ರಿ ಹನ್ನೊಂದಕ್ಕೆ ಸಂಘದ ಅಕ್ಕನ ಫೋನು. ಏಳನೇ ಕ್ಲಾಸು ಓದಿದವರು. ವಿಡಿಯೋನ ಮೂರು ಸಲ ಹಾಕ್ಕೊಂಡು ನೋಡಿ ಜಯಂತಿಯ ಫೋಟೋಗಳನ್ನ ತಾವೇ ಸೈಟಿಗೆ ಹಾಕಿದ್ದರು. 'ಎಲ್ಲಾ ಬಂತು ಕಣಪ್ಪ, ಒಂದು ಫೋಟೋ ಮಾತ್ರ ಅಡ್ಡಡ್ಡ ಮಲಗಿಬಿಟ್ಟಿದೆ' ಅಂದರು. ನಾನೇ ಸರಿ ಮಾಡೋಣ ಅಂದ್ರೆ ಪಾಸ್‌ವರ್ಡ್ ಇಲ್ವಲ್ಲ. ಫೋಟೋ ತಿರುಗಿಸೋದು ಹೇಗೆ ಅಂತ ಅವತ್ತೇ ರಾತ್ರಿ ಇನ್ನೊಂದು ವಿಡಿಯೋ ಮಾಡಿ ಕಳಿಸಿದೆ.