ಪುಣ್ಯಕೋಟಿಯ ಮನಸ್ಸು, ಡಾರ್ವಿನ್ನನ ಪಾಠ

ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ನಮ್ಮಲ್ಲಿ ಅನೇಕರು ಮಕ್ಕಳಿಗೆ ಕನ್ನಡ ಕಲಿಸುವಾಗ ಮೊದಲು ನೆನೆಯುವುದು ಗೋವಿನ ಹಾಡನ್ನು. ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿ, ಅವಳ ಸತ್ಯಕ್ಕೆ ಸೋತು ಪ್ರಾಣ ಬಿಡುವ ಹುಲಿ. ಪ್ರಾಣಿಗಳಿಗೂ ಮನಸ್ಸುಂಟೆಂದು ನಂಬಲು ಮಕ್ಕಳಿಗೆ ಕಷ್ಟವಾಗುವುದಿಲ್ಲ. ಆದರೆ 'ಹಸು ನಿಜವಾಗಿಯೂ ಯೋಚಿಸುತ್ತದೆಯೇ?' ಎಂದು ಅವರು ಕೇಳಿದರೆ ನಾವು ತಡವರಿಸುತ್ತೇವೆ.

ಈ ಪ್ರಶ್ನೆಗೆ ಹತ್ತಿರವಾದುದೊಂದು ವಿಕಾಸವಾದದ ಇಬ್ಬರು ಪ್ರವರ್ತಕರನ್ನೇ ಬೇರ್ಪಡಿಸಿತ್ತು. 1858ರಲ್ಲಿ ಡಾರ್ವಿನ್ ಮತ್ತು ವ್ಯಾಲೇಸರ ಬರಹಗಳು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೇ ಮಂಡಿತವಾದವು. ಹನ್ನೊಂದು ವರ್ಷಗಳ ಬಳಿಕ ವ್ಯಾಲೇಸ್, ಮನುಷ್ಯನ ಮೆದುಳು ಬದುಕಿ ಉಳಿಯಲು ಬೇಕಾದುದಕ್ಕಿಂತ ಬಹಳ ಹೆಚ್ಚಿನದು, ಅದರ ಹಿಂದೆ ಉನ್ನತ ಚೇತನವೊಂದರ ಕೈವಾಡವಿರಬೇಕು ಎಂದು ವಾದಿಸಿದರು. ಡಾರ್ವಿನ್ ಒಪ್ಪಲಿಲ್ಲ. ಮನುಷ್ಯನ ಮನಸ್ಸಿಗೂ ಉನ್ನತ ಪ್ರಾಣಿಗಳ ಮನಸ್ಸಿಗೂ ಇರುವ ಅಂತರ ದೊಡ್ಡದೇ ಆದರೂ ಅದು ಪ್ರಮಾಣದ್ದು, ಜಾತಿಯದಲ್ಲ ಎಂದು 1871ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅವರ ಸ್ನೇಹ ಮಾತ್ರ ಮುರಿಯಲಿಲ್ಲ.

ಅನಂತರದ ಸಾಕ್ಷ್ಯಗಳು ಡಾರ್ವಿನ್ನರ ಕಡೆಗೇ ವಾಲಿವೆ. 1960ರಲ್ಲಿ ಜೇನ್ ಗುಡಾಲ್, ಆಫ್ರಿಕದ ಗೊಂಬೆ ಅರಣ್ಯದಲ್ಲಿ ಚಿಂಪಾಂಜಿಗಳು ಕಡ್ಡಿಯ ಎಲೆಗಳನ್ನು ಕಿತ್ತು, ಅದನ್ನು ಹುತ್ತದೊಳಗೆ ಇಳಿಸಿ ಗೆದ್ದಲು ಹಿಡಿಯುವುದನ್ನು ಕಂಡರು. ಉಪಕರಣ ಮಾಡುವವನು ಮನುಷ್ಯನೊಬ್ಬನೇ ಎಂಬ ಹೆಮ್ಮೆ ಅಲ್ಲಿಗೆ ಮುಗಿಯಿತು. 2002ರಲ್ಲಿ ಆಕ್ಸ್‌ಫರ್ಡಿನ ಬೆಟ್ಟಿ ಎಂಬ ಕಾಗೆ ನೇರ ತಂತಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಆಹಾರವನ್ನು ಮೇಲೆತ್ತಿದ್ದು ವರದಿಯಾಯಿತು. ಅದೇ ಜಾತಿಯ ಕಾಡಿನ ಕಾಗೆಗಳು ಕಡ್ಡಿಗಳನ್ನು ಸಹಜವಾಗಿಯೇ ಬಗ್ಗಿಸುತ್ತವೆಂದು ಮುಂದೆ ತಿಳಿದುಬಂದಾಗ, ಬೆಟ್ಟಿಯದು ಹೊಸ ಉಪಾಯವೋ ಹುಟ್ಟುಗುಣವೋ ಎಂಬ ಚರ್ಚೆ ಮತ್ತೆ ತೆರೆಯಿತು. ಮೆಚ್ಚಿದ್ದನ್ನೂ ಮರುಪರೀಕ್ಷಿಸುವ ಈ ಗುಣವನ್ನೇ ನಾವು ವಿಜ್ಞಾನವೆಂದು ಗೌರವಿಸುತ್ತೇವೆ.

ಮನುಷ್ಯನ ವಿಶೇಷತೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಅಕ್ಷರ, ಗಣಿತ, ಸತ್ತವರ ಅನುಭವವನ್ನು ಹುಟ್ಟದವರಿಗೆ ದಾಟಿಸುವ ಭಾಷೆ ಬೇರೆ ಯಾವ ಜೀವಿಗೂ ಈ ಪ್ರಮಾಣದಲ್ಲಿ ಒಲಿದಿಲ್ಲ. ಆದರೆ ಅದು ಬೆಳೆದು ಬಂದದ್ದೆಂದ ಮಾತ್ರಕ್ಕೆ ಅದರ ಬೆಲೆ ಕುಗ್ಗುವುದಿಲ್ಲ. ದೈವವನ್ನು ನಂಬುವವರೂ ಇದನ್ನು ಒಪ್ಪಬಹುದು, ಒಪ್ಪಿದವರು ಅನೇಕರಿದ್ದಾರೆ.

ನಮ್ಮ ಆತಂಕ ಬೇರೆಡೆಗಿದೆ. ಹೊರನಾಡಿನ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕೇಂದ್ರೀಯ ಪಠ್ಯಕ್ರಮದಲ್ಲಿ ಓದುವವರು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗ ಕಾಣೆಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರದ ಮೂಲಕ ಪ್ರತಿಭಟಿಸಿದರು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದ್ದೆಂಬ ಸಮಾಧಾನ ಬಂತು. 12ನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿತ್ತು, ನಿಜ. ಆದರೆ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಂಡ ಮಗು ಅದನ್ನು ತಲುಪುವುದೇ ಇಲ್ಲ. ವ್ಯಾಲೇಸರಂತೆ ತಿಳಿದು ಭಿನ್ನಮತ ತಾಳುವುದು ಒಂದು. ಕೇಳಿಯೇ ಇಲ್ಲದೆ ಬೆಳೆಯುವುದು ಮತ್ತೊಂದು.

ಪುಸ್ತಕ ಬಿಟ್ಟದ್ದನ್ನು ಮನೆ ತುಂಬಿಕೊಡಬಹುದು. ಪುಣ್ಯಕೋಟಿಯ ಕಥೆ ಹೇಳಿದ ರಾತ್ರಿಯೇ ಗೊಂಬೆಯ ಚಿಂಪಾಂಜಿಯ ಕಥೆಯನ್ನೂ ಕನ್ನಡದಲ್ಲೇ ಹೇಳೋಣ. ಮೊದಲನೆಯದು ಕವಿಯ ಕಲ್ಪನೆ, ಎರಡನೆಯದು ಕಣ್ಣಾರೆ ಕಂಡದ್ದು ಎಂಬ ವ್ಯತ್ಯಾಸವನ್ನೂ ತಿಳಿಸೋಣ. ಹಸು ಯೋಚಿಸುತ್ತದೆಯೇ ಎಂದು ಮಗು ಮತ್ತೆ ಕೇಳಿದರೆ, ಅದನ್ನು ತಿಳಿಯುವ ದಾರಿ ಯಾವುದೆಂದಾದರೂ ನಾವು ತೋರಿಸಬಲ್ಲೆವು.