ವಯರಿಂಗ್ ಕಲಿತವರಿಗೆ ಮುಂದಿನ ಪಾಠವೂ ಉಚಿತವಾಗಿ ಸಿಗಲಿ



‘ಉಚಿತ ತರಬೇತಿಗೆ ಅರ್ಜಿ ಆಹ್ವಾನ’ ಎಂಬ ಪ್ರಕಟಣೆ ಈ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್, ಮನೆ ವಯರಿಂಗ್: ಪಟ್ಟಿ ಹೆಚ್ಚುಕಡಿಮೆ ಪ್ರತಿ ಸಲವೂ ಅದೇ. ಇವು ಬೇಡವೆಂದು ನಾನು ಹೇಳುವುದಿಲ್ಲ. ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಊಟ, ವಸತಿ ಕೊಟ್ಟು ಕಲಿಸಿದ ಕಸುಬಿನಿಂದ ನಮ್ಮ ಕಡೆಯ ಎಷ್ಟೋ ಮನೆಗಳು ನೆಟ್ಟಗಾಗಿವೆ. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆಮೇಲೆ ಬಂದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಿಗೂ ಅದೇ ಮಾದರಿ. ಆದರೆ ಆ ಮಾದರಿಯನ್ನು ಕಟ್ಟಿದ್ದು ಸ್ವಉದ್ಯೋಗಕ್ಕಾಗಿ. ಸಂಬಳದ ಕೆಲಸ ಹುಡುಕುವ, ಐಟಿಐ ಎಲೆಕ್ಟ್ರಿಶಿಯನ್ ಅಥವಾ ಡಿಪ್ಲೊಮಾ ಮುಗಿಸಿದ ಕಡಬ, ಸುಳ್ಯ, ಪುತ್ತೂರಿನ ಮಕ್ಕಳಿಗೆ ಕಟ್ಟಡ ಯಾಂತ್ರೀಕರಣವನ್ನು ಕಲಿಸುವ ಪ್ರಕಟಣೆ ಒಂದನ್ನಾದರೂ ನಾನು ಕಂಡಿಲ್ಲ. ನನ್ನ ತಕರಾರು ಅದು.

ಬೆಂಗಳೂರಿನ ದೊಡ್ಡ ಕಟ್ಟಡಗಳ ನಿರ್ವಹಣೆಯಲ್ಲಿ ದುಡಿದು ಊರಿಗೆ ಮರಳಿದವನು ನಾನು. ಕಟ್ಟಡ ಯಾಂತ್ರೀಕರಣದ ಈ ಕೆಲಸವನ್ನು ಅಲ್ಲಿನವರು ‘ಬಿಎಂಎಸ್’ (ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ) ಎಂದು ಕರೆಯುತ್ತಾರೆ; ಅದು ಹೀಗಿರುತ್ತದೆ. ನೆಲಮಾಳಿಗೆಯ ಚಿಲ್ಲರ್ ಯಂತ್ರ ನೀರನ್ನು 7 ಡಿಗ್ರಿಯ ಆಸುಪಾಸಿಗೆ ತಂಪು ಮಾಡಿ ಮೇಲೆ ಕಳುಹಿಸುತ್ತದೆ. ಪ್ರತಿ ಮಹಡಿಯಲ್ಲಿ ಒಂದು ಸೆನ್ಸರ್ ಗಾಳಿಯ ಬಿಸಿಯನ್ನು ಅಳೆದು ಗೋಡೆಯ ಪೆಟ್ಟಿಗೆಯಲ್ಲಿರುವ ಕಂಟ್ರೋಲರಿಗೆ ಹೇಳುತ್ತದೆ; ಕಂಟ್ರೋಲರು ನೀರಿನ ವಾಲ್ವನ್ನು ಬೇಕಾದಷ್ಟೇ ತೆರೆದು, ಫ್ಯಾನಿನ ವೇಗವನ್ನು ಬೇಕಾದಷ್ಟಕ್ಕೆ ಇಳಿಸುತ್ತದೆ. ಫ್ಯಾನಿನ ವೇಗ ಶೇ 100ರಿಂದ ಶೇ 80ಕ್ಕೆ ಇಳಿದರೆ ಅದು ಎಳೆಯುವ ವಿದ್ಯುತ್ತು ಹತ್ತಿರ ಹತ್ತಿರ ಅರ್ಧವಾಗುತ್ತದೆ. ಮಾಲೀಕರು ಇದಕ್ಕೆ ಹಣ ಸುರಿಯುವುದು ಈ ಲೆಕ್ಕದ ಮೇಲೆಯೇ. ಬೆಂಕಿಯ ಅಲಾರಾಂ, ಲಿಫ್ಟು, ಜನರೇಟರು, ಸಿಸಿಟಿವಿ ಎಲ್ಲವೂ ಅದೇ ಪರದೆಗೆ ಬಂದು ಸೇರುತ್ತವೆ. ಹಗಲೂ ರಾತ್ರಿ ಆ ಪರದೆಯ ಮುಂದೆ ಪಾಳಿಯಲ್ಲಿ ಕೂರುವವರು ಬೇಕು, ಸೆನ್ಸರ್ ಕೆಟ್ಟರೆ ಏಣಿ ಹತ್ತುವವರು ಬೇಕು, ಹೊಸ ಕಟ್ಟಡಕ್ಕೆ ಕೇಬಲ್ ಎಳೆದು ಚಾಲೂ ಮಾಡಿಕೊಡುವವರೂ ಬೇಕು.

ನಮ್ಮೂರಿನ ಎಲೆಕ್ಟ್ರಿಶಿಯನ್ ಹುಡುಗ ಈ ಕೆಲಸದ ಅರ್ಧ ದಾರಿ ಆಗಲೇ ನಡೆದಿರುತ್ತಾನೆ. ರಿಲೇ, ಕಾಂಟ್ಯಾಕ್ಟರ್, ಸ್ಟಾರ್ಟರ್ ಅವನಿಗೆ ಗೊತ್ತು. ತೋಟದ ಪಂಪಿಗೆ ಮೊಬೈಲಿನಿಂದ ಓಡುವ ಸ್ಟಾರ್ಟರ್ ಕೂರಿಸಿಕೊಡುವವನೂ ಅವನೇ. ಇನ್ನು ಕಲಿಯಬೇಕಾದ್ದು 24 ವೋಲ್ಟಿನ ಕಂಟ್ರೋಲ್ ವಯರಿಂಗ್, 4ರಿಂದ 20 ಮಿಲಿಆಂಪಿಯರ್ ಸಿಗ್ನಲ್, ಐಪಿ ವಿಳಾಸ, ಯಂತ್ರಗಳು ಒಂದರೊಡನೊಂದು ಮಾತಾಡುವ ಮಾಡ್‌ಬಸ್ ಮತ್ತು ಬ್ಯಾಕ್‌ನೆಟ್ ಭಾಷೆಗಳು. ಬ್ಯಾಕ್‌ನೆಟ್ 1995ರಲ್ಲೇ ಸಾರ್ವಜನಿಕ ಮಾನದಂಡವಾಗಿ ಬಂದದ್ದು. ಅದು ಯಾವುದೋ ಒಂದು ಕಂಪನಿಯ ಗುಟ್ಟಲ್ಲ. ತಿಳಿದವರು ಕಲಿಸಿದರೆ, ಕೈಗೆ ನಿಜವಾದ ಕಂಟ್ರೋಲರ್ ಸಿಕ್ಕಿದರೆ, ಕೆಲವೇ ತಿಂಗಳಲ್ಲಿ ಹಿಡಿತಕ್ಕೆ ಬರುವ ವಿದ್ಯೆ.

ಆ ಉಳಿದರ್ಧ ದಾರಿಗೆ ಈಗ ಹಣ ಕಟ್ಟಬೇಕು. ನಮ್ಮ ನೆರೆಮನೆಯ ಹುಡುಗನೊಬ್ಬ ಘಟ್ಟ ಹತ್ತಿ ಬೆಂಗಳೂರಿನ ಖಾಸಗಿ ತರಬೇತಿ ಕೇಂದ್ರಕ್ಕೆ ಸೇರಿದ. ಶುಲ್ಕವಲ್ಲದೆ ಪಿಜಿ ಬಾಡಿಗೆ, ಊಟದ ಖರ್ಚು. ಅಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಸರ್ಟಿಫಿಕೇಟ್ ಕೈಗಿಟ್ಟರು. ಒಂದು ವಾಲ್ವನ್ನೂ ಅವನು ಮುಟ್ಟಿ ನೋಡಲಿಲ್ಲ. ಎಲೆಚುಕ್ಕಿ ರೋಗದಿಂದ ಅಡಿಕೆಯ ಫಸಲು ಕುಸಿದ ಮನೆ ಅದು. ಸಾಲ ಮಾಡಿ ಕೊಟ್ಟ ಹಣ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಟಾಟಾ ಟೆಕ್ನಾಲಜೀಸ್ ಜತೆ ಸೇರಿ 4,600 ಕೋಟಿ ರೂಪಾಯಿ ಮೀರಿದ ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದರು. ಅಲ್ಲಿಗೆ ಬಂದದ್ದು ರೋಬಾಟ್, ಸಿಎನ್‌ಸಿ ಮುಂತಾದ ಕಾರ್ಖಾನೆಯ ವಿದ್ಯೆ. ನಮ್ಮ ಜಿಲ್ಲೆಯಲ್ಲಿ ಸಂಬಳದ ಕೆಲಸ ಕೊಡುವ ಆಸ್ಪತ್ರೆ, ಕಾಲೇಜು, ಹೋಟೆಲು, ಮಾಲ್‌ಗಳಿಗೆ ಬೇಕಾದದ್ದು ಅದಲ್ಲ. ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ ಕೊಡುತ್ತಾರೆ. ಐಟಿಐ ಮುಗಿಸಿದವರು ಆ ಲೆಕ್ಕಕ್ಕೇ ಬರುವುದಿಲ್ಲ. ಹಣವೂ ಇಲ್ಲ, ತರಬೇತಿಯೂ ಇಲ್ಲವೆಂದಾದರೆ ಅವರು ಯಾರನ್ನು ಕೇಳಬೇಕು? ಗ್ರಾಮೀಣ ಯುವಜನರಿಗೆ ಸಂಬಳದ ಕೆಲಸ ಕೊಡಿಸಲೆಂದೇ 2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಬಂತು. ಅದರಡಿ ಈ ಕೋರ್ಸ್ ತರಲು ಅಡ್ಡಿಯೇನೆಂದು ಸಂಬಂಧಪಟ್ಟವರು ಹೇಳಲಿ.

ಬೇಡಿಕೆ ಇದೆಯೇ ಎಂದು ಕೇಳುವವರಿಗೆ ಒಂದು ಮಾತು. 100 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟ ವಿದ್ಯುತ್ ಹೊರೆಯ ವಾಣಿಜ್ಯ ಕಟ್ಟಡಗಳಿಗೆಂದು ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೇ ಇದೆ; ಅದನ್ನು ಪಾಲಿಸಲು ಇಂಥ ವಿದ್ಯೆ ತಿಳಿದವರು ಬೇಕು. ನ್ಯೂಯಾರ್ಕಿನಲ್ಲಿ ಸ್ಟ್ಯಾಕ್ಸ್ ಪ್ಲಸ್ ಜೂಲ್ಸ್ ಎಂಬ ಲಾಭರಹಿತ ಸಂಸ್ಥೆ ಇದೇ ವಿದ್ಯೆಯನ್ನು ಯುವಜನರಿಗೆ ಶುಲ್ಕವಿಲ್ಲದೆ ಕಲಿಸುತ್ತಿದೆ. ಅಷ್ಟು ದೂರ ಏಕೆ, ಆಪರೇಷನ್ ಥಿಯೇಟರಿನ ಗಾಳಿಯನ್ನು ಹದದಲ್ಲಿಡಬೇಕಾದ ಆಸ್ಪತ್ರೆಗಳು ಸುಳ್ಯ, ಪುತ್ತೂರಿನಲ್ಲೇ ಇವೆ. ಪುತ್ತೂರಿನ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ; ಚಾಕಲೇಟು ತಂಪು ತಪ್ಪಿದರೆ ಉಳಿಯುವ ವಸ್ತುವಲ್ಲ.

ಹೊಸ ಕಟ್ಟಡ ಬೇಕಿಲ್ಲ. ಸುಳ್ಯದ ಕೆವಿಜಿ ಪಾಲಿಟೆಕ್ನಿಕ್ಕಿನಲ್ಲೋ ಪುತ್ತೂರಿನ ವಿವೇಕಾನಂದ ಪಾಲಿಟೆಕ್ನಿಕ್ಕಿನಲ್ಲೋ ರಜಾದಿನಗಳಲ್ಲಿ ಒಂದು ಲ್ಯಾಬ್ ಸಿಕ್ಕಿದರೆ ಸಾಕು. ಹನಿವೆಲ್, ಸೀಮೆನ್ಸ್, ಶ್ನೈಡರ್‌ನಂಥ ಕಂಪನಿಗಳನ್ನು ಕಂಟ್ರೋಲರ್ ಕೊಡುವಂತೆ ಕೇಳಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಉದ್ಯೋಗ ಕೌಶಲ್ಯಕ್ಕೆ ಬಳಸಲು 2013ರ ಕಾಯ್ದೆಯಲ್ಲೇ ಅವಕಾಶವಿದೆ. ವಸತಿ ಮಾತ್ರ ಬೇಕೇ ಬೇಕು. ಕೋಡಿಂಬಾಳದಿಂದ ದಿನಾ ಹೋಗಿ ಬರುವುದು, ಅದರಲ್ಲೂ ಮಳೆಗಾಲದಲ್ಲಿ, ಆಗುವ ಮಾತಲ್ಲ. ಹಾಸ್ಟೆಲ್ ಇದ್ದರೆ ಹೆಣ್ಣುಮಕ್ಕಳೂ ಬರುತ್ತಾರೆ. ಕಂಟ್ರೋಲ್ ರೂಮಿನ ಕೆಲಸವನ್ನು ಅಚ್ಚುಕಟ್ಟಾಗಿ ನಿಭಾಯಿಸುವ ಹೆಣ್ಣುಮಕ್ಕಳನ್ನು ನಾನು ಬೆಂಗಳೂರಿನಲ್ಲಿ ನೋಡಿದ್ದೇನೆ. ತರಬೇತಿ ಕೊಟ್ಟವರಿಗೆ ಹಣ ಪಾವತಿಸುವಾಗ, ಎಷ್ಟು ಸರ್ಟಿಫಿಕೇಟ್ ಹಂಚಿದರೆಂದು ಎಣಿಸದೆ, ವರ್ಷದ ನಂತರ ಎಷ್ಟು ಮಂದಿ ಕೆಲಸದಲ್ಲಿ ಉಳಿದಿದ್ದಾರೆಂದು ನೋಡಬೇಕು.

ಜಿಲ್ಲಾಧಿಕಾರಿಗಳೂ ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳೂ ಸುಳ್ಯ, ಪುತ್ತೂರು ಕ್ಷೇತ್ರಗಳ ಶಾಸಕರೂ ಇದನ್ನು ದಯವಿಟ್ಟು ಗಮನಿಸಬೇಕು. ಈ ಸಲದ ಐಟಿಐ ಫಲಿತಾಂಶ ಬರುವುದರೊಳಗೆ ಮೊದಲ ತಂಡಕ್ಕೆ ಅರ್ಜಿ ಕರೆಯಲಿ. ಕಲಿಸುವವರಿಲ್ಲ ಎಂಬ ಕಾರಣ ಕೊಡುವುದು ಬೇಡ. ಈ ಕೆಲಸದಲ್ಲಿ ಪಳಗಿ ಊರಿಗೆ ಮರಳಿದ ನನ್ನಂಥವರು ಸಂಭಾವನೆ ಕೇಳದೆ ಬಂದು ಪಾಠ ಮಾಡಲು ಸಿದ್ಧರಿದ್ದೇವೆ.

– ಓದುಗ, ಕೋಡಿಂಬಾಳ, ಕಡಬ ತಾಲ್ಲೂಕು